ಜಮೀನಿಗೆ ನಂಬರ್ ಇದೆ, ಮನೆಗೆ ವಿಳಾಸ ಇಲ್ಲ

ಹೋದ ವರ್ಷ ನಮ್ಮಣ್ಣ ಹೊಲದಲ್ಲೇ ಮನೆ ಕಟ್ಟಿಸಿದ. ನಮ್ಮದು ಶಿರಾ ಕಡೆಯ ಹಳ್ಳಿ. ಊರಿನಿಂದ ಒಂದೂವರೆ ಕಿಲೋಮೀಟರ್ ಆಚೆ, ಬೋರ್‌ವೆಲ್ ಪಕ್ಕದಲ್ಲಿ ಎರಡು ಕೋಣೆಯ ಮನೆ. ಹಾಲು ಉಕ್ಕಿಸಿ ಎರಡು ವಾರ ಆಗಿರಬೇಕು, ಫೋನ್ ಮಾಡಿದ. ಆಧಾರ್‌ನಲ್ಲಿ ವಿಳಾಸ ಬದಲಾಯಿಸಬೇಕಿತ್ತು.

"ವಿಳಾಸ ಅಂತ ಏನು ಬರೆಸ್ಲಿ, ಹೇಳಪ್ಪ?"

ಅವನ ಮುಂದೆ ಆಗಲೇ ಕಾಗದಗಳಿದ್ದವು. ಜಮೀನಿನ ದಾಖಲೆಯಾದ ಪಹಣಿಯಲ್ಲಿ ಒಂದು ಊರಿನ ಹೆಸರು. ಕರೆಂಟ್ ಬಿಲ್ಲಿನಲ್ಲಿ ಇನ್ನೊಂದು ಊರು. ಪಂಚಾಯಿತಿ ಕಚೇರಿ ಇರುವುದು ಮೂರನೇ ಊರಿನಲ್ಲಿ. ಅಂಚೆ ಬರುವುದು ನಾಲ್ಕನೇ ಊರಿನಿಂದ. ನಾವು ಆ ಜಾಗವನ್ನು ಕರೆಯುವುದು ಮಾತ್ರ 'ಹುಣಸೆಮರದ ಹೊಲ' ಅಂತ. ಆ ಹೆಸರು ಯಾವ ಕಾಗದದಲ್ಲೂ ಇಲ್ಲ. ಇದ್ದದ್ದು ಒಂದೇ ಕಡೆ, ನಮ್ಮ ತಾತ 1974ರಲ್ಲಿ ಜಮೀನು ಕೊಂಡಾಗಿನ ಕ್ರಯಪತ್ರದಲ್ಲಿ.

ಈ ನಾಲ್ಕರಲ್ಲಿ ಯಾವುದೂ ತಪ್ಪಲ್ಲ. ಕಂದಾಯ ಇಲಾಖೆಗೆ ಊರು ಅಂದರೆ ಸರ್ವೆ ಮಾಡಿದಾಗ ಗಡಿ ಹಾಕಿದ ನೆಲ. ಅಂಚೆಗೆ ಊರು ಅಂದರೆ ಅಂಚೆಯಣ್ಣ ಸೈಕಲ್ಲಿನಲ್ಲೋ ಬೈಕಿನಲ್ಲೋ ಸುತ್ತುವ ದಾರಿ. ಪಂಚಾಯಿತಿಗೆ ಅದು ವಾರ್ಡು, ಕರೆಂಟಿನವರಿಗೆ ಟ್ರಾನ್ಸ್‌ಫಾರ್ಮರ್ ಇರುವ ಜಾಗ. ಪ್ರತಿ ಕಚೇರಿಯೂ ತನ್ನ ಕೆಲಸಕ್ಕೆ ಬೇಕಾದ ಹಾಗೆ ನೆಲವನ್ನು ಹಂಚಿಕೊಂಡಿದೆ. ಈ ಹಂಚಿಕೆಗಳನ್ನು ಒಂದರ ಮೇಲೊಂದು ಇಟ್ಟು ಹೊಂದಿಸುವ ಕೆಲಸ ಮಾತ್ರ ಯಾರದ್ದೂ ಆಗಲಿಲ್ಲ. ಅದು ಮನೆ ಕಟ್ಟಿದವನ ತಲೆಗೆ ಬಂತು.

ಅಣ್ಣನ ಜೊತೆ ಒಂದು ತಿಂಗಳು ಈ ಕಾಗದಗಳ ಹಿಂದೆ ಓಡಾಡಿದೆ. ಆಗ ನನಗೆ ಒಂದು ವಿಷಯ ಗಟ್ಟಿಯಾಗಿ ಅನ್ನಿಸಿತು. ನಮ್ಮ ಹಳ್ಳಿಗಳಲ್ಲಿ ಎರಡು ವಿಳಾಸಗಳಿವೆ. ಒಂದು ನೆಲದ್ದು, ಇನ್ನೊಂದು ಮನುಷ್ಯನದ್ದು. ನೆಲದ ವಿಳಾಸ ನೂರೈವತ್ತು ವರ್ಷದಿಂದ ಅಚ್ಚುಕಟ್ಟಾಗಿ ಇದೆ, ಆದರೆ ಅದನ್ನು ಓದಲು ನಮಗೆ ಬರುವುದಿಲ್ಲ. ಮನುಷ್ಯನ ವಿಳಾಸ ಎಲ್ಲರಿಗೂ ಅರ್ಥ ಆಗುತ್ತದೆ, ಆದರೆ ಅದು ಗಟ್ಟಿಯಾಗಿ ಎಲ್ಲೂ ನಿಂತಿಲ್ಲ.

ನೆಲದ ವಿಳಾಸ ಶುರುವಾದದ್ದು ಕಂದಾಯಕ್ಕೆ. ಮುಂಬೈ ಕರ್ನಾಟಕದಲ್ಲಿ ಮೊದಲು, ಮೈಸೂರು ಸೀಮೆಯಲ್ಲಿ 1863ರಿಂದ, ಸರ್ವೆಯವರು ಸರಪಳಿ ಹಿಡಿದು ಹೊಲ ಹೊಲ ಅಳೆದರು. ಪ್ರತಿ ತುಂಡಿಗೂ ನಂಬರ್ ಕೊಟ್ಟರು, ಮೂಲೆಗೆ ಬಾಂದು ಕಲ್ಲು ನೆಟ್ಟರು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಆ ನಂಬರಿನ ಒಳಗಿನ ಭಾಗ ಅಂದರೆ ಹಿಸ್ಸಾ. ಈ ಆರು ಸರಿಯಾಗಿ ಹೇಳಿದರೆ ರಾಜ್ಯದಲ್ಲಿ ಅಂಥ ಜಮೀನು ಒಂದೇ ಇರುತ್ತದೆ. ಹೋಬಳಿ ಬಿಟ್ಟು ಹೇಳಿದರೆ ಮಾತ್ರ ಕಷ್ಟ. ಹೊಸಹಳ್ಳಿ, ರಾಂಪುರ, ಕೋಡಿಹಳ್ಳಿ ಅಂತ ಒಂದೇ ಹೆಸರಿನ ಊರುಗಳು ಎಷ್ಟಿವೆ ಅಲ್ವಾ?

ಆ ಸರ್ವೆಗೆ ಬೇಕಿದ್ದದ್ದು ನೆಲ, ಅದರ ಮೇಲೆ ಇರುವವರಲ್ಲ. ಇದಕ್ಕೆ ಒಂದು ಹಳೆಯ ಪದವೇ ಸಾಕ್ಷಿ. ಕಂದಾಯ ದಾಖಲೆಯಲ್ಲಿ 'ಬೇಚರಾಕ್ ಗ್ರಾಮ' ಅಂತ ಬರುತ್ತದೆ. ಪಾರ್ಸಿಯಿಂದ ಬಂದ ಮಾತು, ದೀಪ ಇಲ್ಲದ ಊರು ಅಂತ ಅರ್ಥ. ಒಬ್ಬರೂ ವಾಸ ಇಲ್ಲ, ಆದರೂ ಹೆಸರಿದೆ, ನಕ್ಷೆ ಇದೆ, ಸರ್ವೆ ನಂಬರ್ ಇದೆ. ಇದಕ್ಕೆ ತಿರುಗಾಮುರುಗ ಇನ್ನೊಂದು ಕಡೆ ಇತ್ತು. ತಾಂಡಾ, ಗೊಲ್ಲರಹಟ್ಟಿ, ಹಾಡಿ, ಕ್ಯಾಂಪು, ಮಜರೆಗಳಲ್ಲಿ ಸಾವಿರಾರು ಮನೆಗಳಲ್ಲಿ ದೀಪ ಉರಿಯುತ್ತಿತ್ತು. ಆದರೆ ಕಂದಾಯದ ಪಟ್ಟಿಯಲ್ಲಿ ಅವು ಊರೇ ಅಲ್ಲ. ಸರ್ಕಾರದ ಭಾಷೆಯಲ್ಲಿ 'ದಾಖಲೆ ಇಲ್ಲದ ಜನವಸತಿ'. ಅಲ್ಲಿನವರು ಮೂರು ತಲೆಮಾರು ಬಾಳಿದ ಮನೆಯ ಜಾಗ ಕಾಗದದಲ್ಲಿ ಯಾರದ್ದೋ ಹೊಲ, ಇಲ್ಲ ಸರ್ಕಾರಿ ಗೋಮಾಳ.

ಇದನ್ನು ಸರಿ ಮಾಡುವ ಕೆಲಸ ಈಗ ಕಣ್ಣಿಗೆ ಕಾಣುವಷ್ಟು ನಡೆದಿದೆ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಅವರಲ್ಲಿ ಹೆಚ್ಚಿನವರು ತಾಂಡಾದ ಲಂಬಾಣಿಗರು. 2025ರ ಮೇನಲ್ಲಿ ಹೊಸಪೇಟೆಯಲ್ಲಿ 1,11,111 ಹಕ್ಕುಪತ್ರ ಹಂಚಿದರು. ಎರಡು ಬೇರೆ ಬೇರೆ ಪಕ್ಷದ ಸರ್ಕಾರಗಳು ಒಂದೇ ಕೆಲಸವನ್ನು ಮುಂದುವರಿಸಿದ್ದು ನನಗೆ ಸಂತೋಷದ ವಿಷಯ. ಹಕ್ಕುಪತ್ರ ಅಂದರೆ ಸುಮ್ನೆ ಒಂದು ಹಾಳೆ ಅಲ್ಲ. ಊರಿಗೆ ಕಂದಾಯ ಗ್ರಾಮ ಅಂತ ಹೆಸರು ಬಂದರೆ ಮನೆಗೆ ಖಾತೆ ಬರುತ್ತದೆ. ಖಾತೆ ಬಂದರೆ ಸಾಲ ಸಿಗುತ್ತದೆ. ಇದೆಲ್ಲ ವಿಳಾಸ ಅನ್ನುವ ಒಂದು ದಾರದಲ್ಲೇ ಪೋಣಿಸಿದ ಹಾಗಿದೆ.

ಈಗ ಪಹಣಿಗೆ ಬರೋಣ. ಉತ್ತರ ಕರ್ನಾಟಕದಲ್ಲಿ ಉತಾರ ಅನ್ನುತ್ತಾರೆ, ಕಚೇರಿಯಲ್ಲಿ ಆರ್‌ಟಿಸಿ. 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ಇದನ್ನೆಲ್ಲ ಕಂಪ್ಯೂಟರಿಗೆ ಹಾಕಿದ ಮೇಲೆ ಶಾನುಭೋಗರ ಪುಸ್ತಕದಲ್ಲಿ ಇದ್ದದ್ದು ನಮ್ಮ ಮೊಬೈಲಿಗೆ ಬಂತು. ನೋಡುವುದು ಸುಲಭ ಆಯಿತು. ಓದುವುದು ಅಷ್ಟು ಸುಲಭ ಆಗಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ವಿಸ್ತೀರ್ಣದಲ್ಲಿ. ಪಹಣಿಯಲ್ಲಿ 2.20.00 ಅಂತ ಇದ್ದರೆ ಓದಿದವರೂ ಅದನ್ನು ಎರಡು ಪಾಯಿಂಟ್ ಎರಡು ಎಕರೆ ಅಂದುಕೊಳ್ಳುತ್ತಾರೆ. ಆ ಚುಕ್ಕಿ ದಶಮಾಂಶದ ಚುಕ್ಕಿ ಅಲ್ಲ. ಅದು ಎರಡು ಎಕರೆ, ಇಪ್ಪತ್ತು ಗುಂಟೆ, ಸೊನ್ನೆ ಆಣೆ. ನಲವತ್ತು ಗುಂಟೆಗೆ ಒಂದು ಎಕರೆ, ಹದಿನಾರು ಆಣೆಗೆ ಒಂದು ಗುಂಟೆ. ಹಾಗಾಗಿ 2.20 ಅಂದರೆ ಎರಡೂವರೆ ಎಕರೆ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರಡಿ.

ಅದೇ 2.20 ಅಂತ ಪುತ್ತೂರಿನಲ್ಲೋ ಬಂಟ್ವಾಳದಲ್ಲೋ ಕಂಡರೆ ಲೆಕ್ಕವೇ ಬೇರೆ. ದಕ್ಷಿಣ ಕನ್ನಡ, ಉಡುಪಿ ಕಡೆ ಮದ್ರಾಸ್ ಪ್ರಾಂತ್ಯದ ಪದ್ಧತಿ ಉಳಿದಿದೆ. ಅಲ್ಲಿ ಗುಂಟೆ ಅಲ್ಲ, ಸೆಂಟ್ಸು. ನೂರು ಸೆಂಟ್ಸಿಗೆ ಒಂದು ಎಕರೆ. ಅಲ್ಲಿ 2.20 ಅಂದರೆ ನಿಜವಾಗಿಯೂ ಎರಡು ಪಾಯಿಂಟ್ ಎರಡು ಎಕರೆ. ಒಂದೇ ಅಂಕಿ, ಒಂದೇ ರಾಜ್ಯ, ವ್ಯತ್ಯಾಸ ಮಾತ್ರ 12 ಗುಂಟೆ. ಬೆಂಗಳೂರಿನಲ್ಲಿ ಕೂತು ಎರಡೂ ಕಡೆ ಜಮೀನು ನೋಡುವವರು ಇದನ್ನು ಮೊದಲು ತಿಳಿದಿರಬೇಕು.

ಆ ವಿಸ್ತೀರ್ಣದ ಕೆಳಗೇ ಖರಾಬು ಅಂತ ಎರಡು ಸಾಲು ಇರುತ್ತದೆ. ಅ ಖರಾಬು ಅಂದರೆ ಬಂಡೆಯೋ ಗುಂಡಿಯೋ ಇದ್ದು ಉಳುಮೆಗೆ ಬಾರದ ಜಾಗ. ಬ ಖರಾಬು ಬೇರೆ. ಅದು ದಾರಿ, ಹಳ್ಳ, ಕಾಲುವೆ, ಸ್ಮಶಾನ ಇಂಥ ಸಾರ್ವಜನಿಕ ಬಳಕೆಗೆ ಬಿಟ್ಟದ್ದು. ನಿಮ್ಮ ಸರ್ವೆ ನಂಬರಿನ ಒಳಗೇ ಇದ್ದರೂ ಅದನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಒಟ್ಟು ವಿಸ್ತೀರ್ಣ ನೋಡಿ ದುಡ್ಡು ಕೊಟ್ಟು, ಆಮೇಲೆ ಅದರಲ್ಲಿ ಹತ್ತು ಗುಂಟೆ ಹಳ್ಳ ಅಂತ ಗೊತ್ತಾದರೆ ಆ ದುಡ್ಡು ಹೋದ ಹಾಗೆಯೇ.

ಮಾಲೀಕರ ಹೆಸರು 9ನೇ ಕಾಲಂನಲ್ಲಿ. ಆ ಹೆಸರು ಹೇಗೆ ಬಂತು ಅನ್ನುವುದು 10ನೇ ಕಾಲಂನಲ್ಲಿ: ಕ್ರಯವೋ, ಪೌತಿಯೋ (ಮಾಲೀಕರು ತೀರಿಕೊಂಡ ಮೇಲೆ ವಾರಸುದಾರರಿಗೆ ಬಂದದ್ದು), ವಿಭಾಗವೋ, ಜೊತೆಗೆ ಎಂಆರ್ ನಂಬರ್, ಅಂದರೆ ಹಕ್ಕು ಬದಲಾವಣೆ ಪುಸ್ತಕದ ಸಂಖ್ಯೆ. ಸಾಲ, ಅಡಮಾನ, ಕೋರ್ಟಿನ ತಡೆ ಇದ್ದರೆ 11ರಲ್ಲಿ. ಬೆಳೆ 12ರಲ್ಲಿ. ಇವನ್ನು ಹೇಗೋ ಓದಿಕೊಳ್ಳಬಹುದು. ನಾನು ನಿಲ್ಲಬೇಕು ಅಂದುಕೊಂಡಿರುವುದು ಬೇರೆ ಜಾಗದಲ್ಲಿ.

ಇಡೀ ಪಹಣಿಯನ್ನು ತಿರುಗಿಸಿ ನೋಡಿ. ಜಮೀನು ಯಾರದ್ದು ಅಂತ ಹೇಳುತ್ತದೆ. ಎಷ್ಟು ಅಂತ ಹೇಳುತ್ತದೆ. ಎಲ್ಲಿದೆ ಅಂತ ಹೇಳುವುದಿಲ್ಲ. ಉತ್ತರಕ್ಕೆ ಏನಿದೆ, ಮೂಲೆ ಎಲ್ಲಿ ತಿರುಗುತ್ತದೆ, ದಾರಿ ಯಾವ ಕಡೆ, ಒಂದೂ ಅದರಲ್ಲಿ ಇಲ್ಲ. ನಾನು ಕಂಡ ಹಳ್ಳಿ ಜಗಳಗಳಲ್ಲಿ ಯಾರದ್ದು, ಎಷ್ಟು ಅನ್ನುವುದಕ್ಕಿಂತ ಎಲ್ಲಿ ಅನ್ನುವುದಕ್ಕೇ ಹೆಚ್ಚು ಹೊಡೆದಾಡಿದ್ದಾರೆ. ಬದು ಒಂದು ಮೊಳ ಆಚೆ ಹೋಯಿತು, ದಾರಿಗೆ ಬೇಲಿ ಹಾಕಿದರು, ಬಾಂದು ಕಲ್ಲು ಕಿತ್ತರು. ಇವೆಲ್ಲ 'ಎಲ್ಲಿ'ಯ ಜಗಳ.

ಆ 'ಎಲ್ಲಿ' ಸರ್ವೆ ಇಲಾಖೆಯ ಹತ್ತಿರ ಇದೆ. ಊರಿನ ನಕ್ಷೆಯಲ್ಲಿ ಎಲ್ಲ ಸರ್ವೆ ನಂಬರುಗಳೂ ಪಕ್ಕಪಕ್ಕ ಕಾಣುತ್ತವೆ. ಟಿಪ್ಪಣಿಯಲ್ಲಿ ಒಂದೊಂದು ನಂಬರಿನ ಆಕಾರ ಮತ್ತು ಅಳತೆ ಇರುತ್ತದೆ. ಆಕಾರ್‌ಬಂದಿನಲ್ಲಿ ಅದರ ವಿಸ್ತೀರ್ಣ, ಖರಾಬು, ಕಂದಾಯ. ಪಹಣಿಯ ವಿಸ್ತೀರ್ಣ ಆಕಾರ್‌ಬಂದಿನ ಜೊತೆ ಹೊಂದಬೇಕು. ಎಷ್ಟೋ ಕಡೆ ಹೊಂದುವುದಿಲ್ಲ. ವರ್ಷಗಟ್ಟಲೆ ಕೈಬರಹದಲ್ಲಿ ನಕಲು ಮಾಡುತ್ತಾ ಬಂದ ಪಹಣಿಗಳಲ್ಲಿ ತಪ್ಪು ಸೇರಿಕೊಂಡಿದೆ. ಕೊಳ್ಳುವವರು ಪಹಣಿ, ಋಣಭಾರ ಪತ್ರ, ಹಕ್ಕು ಬದಲಾವಣೆಯ ಮ್ಯುಟೇಷನ್ ಎಲ್ಲ ತೆಗೆಸುತ್ತಾರೆ. ಟಿಪ್ಪಣಿ, ಆಕಾರ್‌ಬಂದ್ ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಮೊದಲು ಕೇಳಬೇಕಾದದ್ದು ಅವೇ.

ಇನ್ನೊಂದು ಪದ ಇದೆ, ಕಂಡರೆ ಎಚ್ಚರ ಆಗಬೇಕಾದದ್ದು: ಪೈಕಿ. ಸರ್ವೆ ನಂಬರ್ 45, ಹಿಸ್ಸಾ 2 ಅಂತ ಇದ್ದರೆ ಆ ತುಂಡನ್ನು ಅಳೆದು, ನಕ್ಷೆ ಮಾಡಿ, ಬೇರೆ ಮಾಡುವ ಕೆಲಸ ಅಂದರೆ ಪೋಡಿ ಮುಗಿಸಿದ್ದಾರೆ ಅಂತ ಅರ್ಥ. 45 ಪೈಕಿ ಪಿ2 ಅಂತ ಇದ್ದರೆ ಹಾಗಲ್ಲ. 45ರ ಒಳಗೆ ಎಲ್ಲೋ ಒಂದು ಕಡೆ ನಿಮಗೆ ಎರಡೂವರೆ ಎಕರೆ ಇದೆ, ಆದರೆ ಯಾವ ಮೂಲೆಯಲ್ಲಿ ಅಂತ ನಕ್ಷೆಯಲ್ಲಿ ಗೆರೆ ಎಳೆದಿಲ್ಲ. ಸರ್ಕಾರ ದರಖಾಸ್ತಿನಲ್ಲಿ, ಅಂದರೆ ಅರ್ಜಿ ಹಾಕಿದವರಿಗೆ ಮಂಜೂರು ಮಾಡಿ ಕೊಟ್ಟ ಜಮೀನುಗಳಲ್ಲಿ ಇದು ತುಂಬಾ ಇದೆ. ಒಂದೇ ದೊಡ್ಡ ಗೋಮಾಳದ ನಂಬರಿನಲ್ಲಿ ಹತ್ತಾರು ಜನರಿಗೆ ಮಂಜೂರು ಮಾಡಿದರು, ಅವರು ಉಳುತ್ತಾ ಬಂದರು, ಮಕ್ಕಳಿಗೆ ಹಂಚಿದರು. ಎಲ್ಲರ ಪಹಣಿಯ ವಿಸ್ತೀರ್ಣ ಕೂಡಿಸಿದರೆ ಕೆಲವು ಕಡೆ ಮೂಲ ಜಮೀನಿಗಿಂತ ಜಾಸ್ತಿ ಬರುತ್ತದೆ. ಈಗ ಕಂದಾಯ ಇಲಾಖೆ ದರಖಾಸ್ತು ಪೋಡಿಯನ್ನು ಅಭಿಯಾನದ ಹಾಗೆ ಕೈಗೆತ್ತಿಕೊಂಡಿದೆ. ರೈತರು ಅರ್ಜಿ ಹಾಕುವವರೆಗೆ ಕಾಯದೆ ತಾವೇ ಅಳೆದು ಕೊಡುತ್ತೇವೆ ಅನ್ನುವುದು ಅದರಲ್ಲಿ ಒಳ್ಳೆಯ ಅಂಶ. ಇದು ಎಲ್ಲ ಹೋಬಳಿಗೂ ಮುಟ್ಟಬೇಕು ಅನ್ನುವುದು ನನ್ನ ಆಸೆ.

ಈಗಂತೂ ಒಂದು ಸರ್ವೆ ನಂಬರಿನಲ್ಲಿ ಸ್ವಲ್ಪ ಭಾಗ ಮಾತ್ರ ಮಾರಬೇಕಾದರೆ ಮೊದಲೇ 11ಇ ನಕ್ಷೆ ಮಾಡಿಸಬೇಕು. ಸರ್ವೆಯರ್ ಬಂದು ಅಳೆದು ಯಾವ ತುಂಡು ಅಂತ ತೋರಿಸಿದ ಮೇಲೆ ನೋಂದಣಿ. ಇದಕ್ಕೆ ದಿನ ಹಿಡಿಯುತ್ತದೆ ಅಂತ ಜನ ಬೇಜಾರು ಮಾಡಿಕೊಳ್ಳುತ್ತಾರೆ. ನಮ್ಮ ತಾತನ ಕಾಲದಲ್ಲಿ ಇದು ಇದ್ದಿದ್ದರೆ ನಮ್ಮ ಮನೆಯ ಅರ್ಧ ಕಷ್ಟ ಇರುತ್ತಿರಲಿಲ್ಲ.

ಯಾಕೆ ಅಂದರೆ ತಾತನ ಕ್ರಯಪತ್ರದಲ್ಲಿ ನಕ್ಷೆ ಇಲ್ಲ. ಇರುವುದು ಚಕ್ಕುಬಂದಿ. ಪೂರ್ವಕ್ಕೆ ಬಂಡಿದಾರಿ. ಪಶ್ಚಿಮಕ್ಕೆ ಒಬ್ಬರ ಹೊಲ. ಉತ್ತರಕ್ಕೆ ಹಳ್ಳ. ದಕ್ಷಿಣಕ್ಕೆ ಮಾರುವವರ ಉಳಿಕೆ ಜಮೀನು. ನೆಲವನ್ನು ಹೀಗೆ ನಾಲ್ಕು ದಿಕ್ಕಿನಿಂದ ಹಿಡಿದು ಹೇಳುವುದು ನಮ್ಮಲ್ಲಿ ಬಹಳ ಹಳೆಯದು. ದಾನಶಾಸನಗಳಲ್ಲಿ ಮೂಡಲು, ತೆಂಕಲು, ಪಡುವಲು, ಬಡಗಲು ಅಂತ ಕೆರೆ, ಮರ, ಕಲ್ಲು ಹೆಸರಿಸಿ ಚತುಸ್ಸೀಮೆ ಕೆತ್ತಿಸುತ್ತಿದ್ದರು. ನಿಧಿ, ನಿಕ್ಷೇಪ, ಜಲ, ಪಾಷಾಣ ಅಂತ ವಿಜಯನಗರದ ಶಾಸನದಲ್ಲಿ ಬರುವ ಸಾಲು ಇವತ್ತಿನ ಕ್ರಯಪತ್ರದಲ್ಲೂ ಬರುತ್ತದೆ. ತಾತನ ಪತ್ರದಲ್ಲಿ ಆ ಸಾಲು ಓದಿದಾಗ ನನಗೆ ಮೈ ಜುಮ್ಮೆಂದಿತು.

ಕಾನೂನು ಕೂಡ ಈ ಹಳೆಯ ರೀತಿಯನ್ನು ಒಪ್ಪಿಕೊಂಡಿದೆ. 1908ರ ನೋಂದಣಿ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ಆಸ್ತಿ ಯಾವುದು ಅಂತ ಗುರುತಿಸುವಷ್ಟು ವಿವರ ಇಲ್ಲದ ಪತ್ರವನ್ನು ನೋಂದಾಯಿಸುವಂತಿಲ್ಲ. ನಂಬರಿಗೂ ಚಕ್ಕುಬಂದಿಗೂ ಹೊಂದದೇ ಹೋದರೆ? 1961ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಅಂಥ ಒಂದು ಕೇಸು ಬಂದಿತ್ತು. ಪ್ಲಾಟ್ ನಂಬರ್ 160 ಅಂತ ಇರಬೇಕಾದ ಕಡೆ 1060 ಅಂತ ಬರೆದುಬಿಟ್ಟಿದ್ದರು. ಉಳಿದ ವಿವರ, ಎಲ್ಲೆ ಎಲ್ಲ ಸರಿ ಇತ್ತು. ಜಮೀನು ಯಾವುದು ಅನ್ನುವುದರಲ್ಲಿ ಅನುಮಾನ ಇಲ್ಲದಿರುವಾಗ ಇದು ಬರೀ ಬರವಣಿಗೆಯ ತಪ್ಪು ಅಂತ ಕೋರ್ಟು ಹೇಳಿತು. ಸಾಮಾನ್ಯವಾಗಿ ವಿಸ್ತೀರ್ಣಕ್ಕೂ ಚಕ್ಕುಬಂದಿಗೂ ತಕರಾರು ಬಂದರೆ ಕೋರ್ಟುಗಳು ಚಕ್ಕುಬಂದಿಯ ಕಡೆ ವಾಲುತ್ತವೆ. ಎರಡು ಎಕರೆ ಅಂತ ಬರೆದಿದ್ದರೂ ನಾಲ್ಕು ಎಲ್ಲೆ ಸ್ಪಷ್ಟವಾಗಿದ್ದರೆ ಆ ಎಲ್ಲೆಯೊಳಗೆ ಇರುವುದೇ ನಿಮ್ಮದು.

ಹಾಗಾದರೆ ಚಕ್ಕುಬಂದಿ ಎಷ್ಟು ಜೋಪಾನವಾಗಿ ಬರೆಸಬೇಕು ಯೋಚಿಸಿ. ನಾವು ಮಾಡುವುದು ಏನು? ಹಳೆಯ ಪತ್ರದ್ದನ್ನು ಹೊಸ ಪತ್ರಕ್ಕೆ ಹಾಗೇ ಇಳಿಸುತ್ತೇವೆ. ನಮ್ಮ ಪೂರ್ವದ ಬಂಡಿದಾರಿ ಈಗ ಟಾರು ರಸ್ತೆ. ಪಶ್ಚಿಮದ ಹೊಲ ಮೂರು ಕೈ ಬದಲಾಗಿದೆ, ಪತ್ರದಲ್ಲಿ ಹೆಸರಿರುವ ಅಜ್ಜ ತೀರಿಕೊಂಡು ಮೂವತ್ತು ವರ್ಷ ಆಯಿತು. ಉತ್ತರದ ಹಳ್ಳ ಹೂಳು ತುಂಬಿ ಅದರ ಮೇಲೆ ರಾಗಿ ಬೆಳೆದಿದ್ದಾರೆ. ದಕ್ಷಿಣದ ಉಳಿಕೆ ಜಮೀನು ನಾಲ್ಕು ತುಂಡಾಗಿದೆ. 1974ರಲ್ಲಿ ಊರಿನ ಯಾವ ಹುಡುಗನಾದರೂ ಈ ನಾಲ್ಕು ಗೆರೆ ತೋರಿಸುತ್ತಿದ್ದ. ಇವತ್ತು ತೋರಿಸಬಲ್ಲವರು ಇಬ್ಬರು, ಇಬ್ಬರಿಗೂ ಎಪ್ಪತ್ತು ದಾಟಿದೆ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಚಕ್ಕುಬಂದಿಯಲ್ಲಿ ಪಕ್ಕದವರ ಹೆಸರಿನ ಜೊತೆ ಅವರ ಸರ್ವೆ ನಂಬರ್, ಹಿಸ್ಸಾ ಕೂಡ ಬರೆಸಿ. ಹೆಸರು ಬದಲಾಗುತ್ತದೆ, ನಂಬರ್ ಹಿಡಿದು ಹೋದರೆ ಹಿಸ್ಸಾ ಒಡೆದಿದ್ದರೂ ಸಿಗುತ್ತದೆ. ಬದುಗಳ ಉದ್ದವನ್ನು ಅಡಿಯಲ್ಲೋ ಮೀಟರಿನಲ್ಲೋ ಹಾಕಿಸಿ. ದಾರಿ ಇದ್ದರೆ ಅದು ನಕ್ಷೆಯಲ್ಲಿರುವ ದಾರಿಯೋ, ಪಕ್ಕದವರು ಒಳ್ಳೆಯ ಮನಸ್ಸಿನಿಂದ ಬಿಟ್ಟ ದಾರಿಯೋ ನೋಡಿಕೊಳ್ಳಿ. ಒಳ್ಳೆಯ ಮನಸ್ಸಿನ ದಾರಿ ಮುಂದಿನ ತಲೆಮಾರಿಗೆ ಉಳಿಯುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಪತ್ರ ಬರೆಸುವ ಮುಂಚೆ ಹೊಲದ ನಾಲ್ಕೂ ಬದಿ ನಡೆದು ಬನ್ನಿ, ಅದೂ ಬೆಳಿಗ್ಗೆ, ಪಕ್ಕದ ಹೊಲದವರು ಇರುವ ಹೊತ್ತಿನಲ್ಲಿ.

ಮೊಬೈಲಿನಲ್ಲಿ ದಿಶಾಂಕ್ ಅಂತ ಆ್ಯಪ್ ಇದೆ. ನಿಂತ ಜಾಗ ಯಾವ ಸರ್ವೆ ನಂಬರ್ ಅಂತ ಹೇಳುತ್ತದೆ. ರಾಜ್ಯದ ದೂರಸಂವೇದಿ ಸಂಸ್ಥೆ ಹಳೆಯ ಗ್ರಾಮ ನಕ್ಷೆಗಳನ್ನು ಉಪಗ್ರಹದ ನಕ್ಷೆಗೆ ಹೊಂದಿಸಿ ಇದನ್ನು ಮಾಡಿದೆ. ಜಮೀನು ನೋಡಲು ಹೋದಾಗ ಬ್ರೋಕರ್ ತೋರಿಸುತ್ತಿರುವುದು ಅದೇ ನಂಬರೋ ಬೇರೆಯೋ ಅಂತ ತಿಳಿಯಲು ತುಂಬಾ ಉಪಯೋಗ. ಬದು ಜಗಳಕ್ಕೆ ಮಾತ್ರ ಅದನ್ನು ತರಬಾರದು. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೆ ಈಚೆ ತೋರಿಸುತ್ತದೆ. ನೂರು ಮೀಟರ್ ಉದ್ದದ ಬದುವಿನಲ್ಲಿ ನಾಲ್ಕು ಮೀಟರ್ ತಪ್ಪಿದರೆ ಹತ್ತಿರ ಹತ್ತಿರ ನಾಲ್ಕು ಗುಂಟೆ. ಗಡಿ ಗೊತ್ತಾಗಬೇಕು ಅಂದರೆ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಿ ಕೊಡಲು, ಅರ್ಜಿ ಹಾಕಿ ಸರ್ವೆಯರ್ ಕೈಲೇ ಅಳೆಸಬೇಕು.

ಇಷ್ಟು ನೆಲದ ಮಾತಾಯಿತು. ಅಣ್ಣನ ಪ್ರಶ್ನೆ ಇನ್ನೂ ಹಾಗೇ ಇದೆ. ಮನೆಗೆ ವಿಳಾಸ?

ಗ್ರಾಮಠಾಣಾದ, ಅಂದರೆ ಊರಿನ ಮನೆಗಳಿರುವ ಜಾಗದ ಒಳಗೆ ಮನೆ ಇದ್ದಿದ್ದರೆ ದಾರಿ ಸುಲಭ. ಪಂಚಾಯಿತಿಯ ಕಂಪ್ಯೂಟರ್ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಸಿಗುತ್ತದೆ, ಅದರಲ್ಲಿ ಆಸ್ತಿಗೆ ಸಂಖ್ಯೆ, ಅಳತೆ, ಚಕ್ಕುಬಂದಿ ಇರುತ್ತದೆ. 2020ರ ಏಪ್ರಿಲ್‌ನಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಊರೊಳಗಿನ ಮನೆಗಳನ್ನೂ ಅಳೆಯುತ್ತಿದ್ದಾರೆ. ಅದರ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಇದರ ಅಗತ್ಯ ಇತ್ತು. ಹಳೆಯ ಸರ್ವೆಯವರು ಹೊಲಗಳನ್ನು ಅಳೆದು ಊರಿನ ಸುತ್ತ ಒಂದು ಗೆರೆ ಎಳೆದು ಗ್ರಾಮಠಾಣಾ ಅಂತ ಬರೆದು ಹೋಗಿದ್ದರು. ಒಳಗಿನ ಮನೆಗಳಿಗೆ ಕಂದಾಯ ಇರಲಿಲ್ಲ, ಹಾಗಾಗಿ ನಕ್ಷೆಯೂ ಇರಲಿಲ್ಲ.

ತೋಟದ ಮನೆ ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ. ರೈತ ತನ್ನ ಹೊಲದಲ್ಲಿ ಮಿತಿಯೊಳಗೆ ಮನೆ ಕಟ್ಟಿಕೊಳ್ಳಲು 1964ರ ಭೂ ಕಂದಾಯ ಕಾಯ್ದೆಯಲ್ಲಿ ಅವಕಾಶ ಇದೆ, ಭೂ ಪರಿವರ್ತನೆ ಬೇಕಿಲ್ಲ. ಆದರೆ ನೆಲ ಕೃಷಿ ಜಮೀನಾಗಿಯೇ ಉಳಿದಿರುವುದರಿಂದ ನಮೂನೆ 9 ಬರುವುದಿಲ್ಲ. ಮನೆ ನಂಬರ್ ಕೇಳಲು ಹೋದರೆ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಕಳಿಸುತ್ತಾರೆ. ಅಣ್ಣ ಮೂರು ಸಲ ಹೋಗಿ ಬಂದ.

ತೋಟದ ಮನೆಯನ್ನು ನಿಜವಾಗಿ ಬಲ್ಲವರು ಇಬ್ಬರು. ಒಬ್ಬರು ಅಂಚೆಯಣ್ಣ, ಇನ್ನೊಬ್ಬರು ಮೀಟರ್ ಓದಲು ಬರುವವರು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಹಿಂದುಳಿದ ವರ್ಗಗಳ ಆಯೋಗ ಸಮೀಕ್ಷೆ ಶುರು ಮಾಡಿದಾಗ ಮನೆಗಳನ್ನು ಹುಡುಕಲು ಹಿಡಿದದ್ದು ಇದೇ ದಾರಿ. ಮೀಟರ್ ರೀಡರುಗಳೇ ಮನೆ ಮನೆಗೆ ಹೋಗಿ ಯುಎಚ್‌ಐಡಿ ಅನ್ನುವ ಮನೆ ಗುರುತಿನ ಸಂಖ್ಯೆಯ ಸ್ಟಿಕ್ಕರ್ ಅಂಟಿಸಿದರು. ಆರ್‌ಆರ್ ನಂಬರ್, ಅಂದರೆ ಕರೆಂಟ್ ಸಂಪರ್ಕದ ಸಂಖ್ಯೆ, ಇರುವ ಕಡೆ ಮನೆ ಇದೆ ಅನ್ನುವ ಲೆಕ್ಕ. ನನಗೆ ಅದು ಜಾಣತನದ ಕೆಲಸ ಅನ್ನಿಸಿತು. ಅಣ್ಣನ ಬಾಗಿಲ ಮೇಲೆ ಬಂದ ಮೊದಲ ಸಂಖ್ಯೆ ಅದೇ.

ಅಂಚೆಯ ಪಿನ್‌ಕೋಡ್ 1972ರ ಆಗಸ್ಟ್ 15ರಂದು ಬಂದದ್ದು. ಆರು ಅಂಕಿ, ಕರ್ನಾಟಕದ್ದು 56ರಿಂದ 59ರವರೆಗೆ ಶುರುವಾಗುತ್ತದೆ. ಅದು ಕಾಗದವನ್ನು ಅಂಚೆ ಕಚೇರಿವರೆಗೆ ಮುಟ್ಟಿಸುತ್ತದೆ. ಹಳ್ಳಿ ಕಡೆ ಒಂದೇ ಪಿನ್ ಅಡಿಯಲ್ಲಿ ಹತ್ತಾರು ಊರು ಇರುತ್ತವೆ. ಅಲ್ಲಿಂದ ಮುಂದೆ ಅಂಚೆಯಣ್ಣನ ನೆನಪೇ ದಾರಿ. ಕೊರಿಯರ್ ಹುಡುಗನಿಗೆ, ಆಂಬುಲೆನ್ಸ್ ಡ್ರೈವರ್‌ಗೆ ಆ ನೆನಪು ಇಲ್ಲ.

ಅದಕ್ಕೆ ಅಂಚೆ ಇಲಾಖೆ 2025ರ ಮೇನಲ್ಲಿ ಡಿಜಿಪಿನ್ ತಂದಿದೆ. ಹೈದರಾಬಾದಿನ ಐಐಟಿ ಮತ್ತು ಇಸ್ರೋದ ದೂರಸಂವೇದಿ ಕೇಂದ್ರದ ಜೊತೆ ಸೇರಿ ಮಾಡಿದ್ದು. ಲೆಕ್ಕ ಸರಳ. ಇಡೀ ದೇಶವನ್ನು ಒಂದು ದೊಡ್ಡ ಚೌಕದಲ್ಲಿ ಹಿಡಿದು ಹದಿನಾರು ಭಾಗ ಮಾಡುತ್ತಾರೆ, ಪ್ರತಿಯೊಂದನ್ನೂ ಮತ್ತೆ ಹದಿನಾರು ಭಾಗ. ಹೀಗೆ ಹತ್ತು ಸಲ. ಒಂದೊಂದು ಸಲಕ್ಕೂ ಒಂದು ಅಕ್ಷರ ಅಥವಾ ಅಂಕಿ. ಕೊನೆಗೆ ಸುಮಾರು ನಾಲ್ಕು ಮೀಟರ್ ಚೌಕ ಉಳಿಯುತ್ತದೆ. ಒಂದು ಗುಂಟೆ ಜಾಗದಲ್ಲಿ ಅಂಥ ಆರೇಳು ಚೌಕ. ಯಾರ ಹತ್ತಿರವೂ ಅರ್ಜಿ ಹಾಕಬೇಕಿಲ್ಲ. ಅಂಗಳದಲ್ಲಿ ನಿಂತು ಅಂಚೆ ಇಲಾಖೆಯ ಪುಟ ತೆರೆದರೆ ಹತ್ತು ಅಕ್ಷರದ ಸಂಖ್ಯೆ ಬರುತ್ತದೆ.

ಇದು ಜಾಗವನ್ನು ಹೇಳುತ್ತದೆ, ಹಕ್ಕನ್ನಲ್ಲ. ಡಿಜಿಪಿನ್ ಇದೆ ಅಂದ ಮಾತ್ರಕ್ಕೆ ಆ ಜಾಗ ನಿಮ್ಮದು ಅಂತ ಆಗುವುದಿಲ್ಲ. ನೆಲದ ಕಡೆಯಿಂದ ಭೂ ಆಧಾರ್ ಅಂತ ಇನ್ನೊಂದು ಬರುತ್ತಿದೆ, ಪ್ರತಿ ತುಂಡು ಜಮೀನಿಗೂ ಅದರ ಮೂಲೆಗಳ ಸ್ಥಾನದಿಂದ ಲೆಕ್ಕ ಹಾಕಿದ 14 ಅಕ್ಷರದ ಗುರುತು. ಮೊದಲು ಹೇಳಿದ ಎರಡು ವಿಳಾಸಗಳು ಒಂದನ್ನೊಂದು ಮುಟ್ಟುವ ಜಾಗ ಇಲ್ಲಿದೆ ಅಂತ ನನಗೆ ಕಾಣುತ್ತದೆ. ಆದರೆ ಮೂಲೆಗಳಿಂದ ಲೆಕ್ಕ ಹಾಕಬೇಕಾದರೆ ಮೂಲೆ ಗೊತ್ತಿರಬೇಕಲ್ಲ. ಪೈಕಿ ಪಹಣಿಗೆ ಮೂಲೆಯೇ ಇಲ್ಲ. ಎಷ್ಟೇ ಹೊಸ ಸಂಖ್ಯೆ ಬಂದರೂ ಪೋಡಿ ಆಗದೆ ಅದು ನಿಲ್ಲುವುದಿಲ್ಲ.

ಕೊನೆಗೆ ನಾವು ಮಾಡಿದ್ದು ಇಷ್ಟು. ಯಾವ ಊರಿನಿಂದ ಅಂಚೆ ಬರುತ್ತದೆ ಅಂತ ಅಂಚೆಯಣ್ಣನನ್ನೇ ಕೇಳಿದೆವು. ಪಹಣಿಯಲ್ಲಿರುವ ಗ್ರಾಮದ ಹೆಸರನ್ನು ಅಕ್ಷರ ಬದಲಾಯಿಸದೆ ಹಾಗೇ ಇಟ್ಟೆವು. ಎಲ್ಲ ಕಡೆ ಒಂದೇ ರೀತಿ ಬರೆಸಬೇಕು ಅಂತ ತೀರ್ಮಾನ ಮಾಡಿದೆವು. ಮೊದಲ ಸಾಲು 'ಹುಣಸೆಮರದ ಹೊಲದ ಮನೆ'. ಆಮೇಲೆ ಸರ್ವೆ ನಂಬರ್, ಕಂದಾಯ ಗ್ರಾಮ, ಅಂಚೆ, ಹೋಬಳಿ, ತಾಲ್ಲೂಕು, ಪಿನ್. ಗೇಟಿನ ಬೋರ್ಡಿನಲ್ಲಿ ಕೆಳಗೆ ಡಿಜಿಪಿನ್ನೂ ಆರ್‌ಆರ್ ನಂಬರೂ ಇದೆ. ಅದೇ ಬೋರ್ಡಿನ ಫೋಟೋ ಅತ್ತಿಗೆಯ ಫೋನಿನಲ್ಲೂ ಇದೆ, ರಾತ್ರಿ ಹೊತ್ತು ಯಾರಿಗಾದರೂ ದಾರಿ ಹೇಳಬೇಕಾದರೆ ಬೇಕಾಗುತ್ತದೆ ಅಂತ.

ಆಧಾರ್ ಬಂತು. ಪೋಡಿಗೆ ಅರ್ಜಿ ಹಾಕಿದ್ದೇವೆ. ಸರ್ವೆಯರ್ ಬರುವ ದಿನ ಚಕ್ಕುಬಂದಿ ತೋರಿಸಲು ಊರಿನ ಆ ಇಬ್ಬರು ಹಿರಿಯರನ್ನೂ ಕರೆದಿದ್ದಾನೆ ಅಣ್ಣ. ದಕ್ಷಿಣದ ನಾಲ್ಕು ತುಂಡಿನವರೂ ಬರುತ್ತೇವೆ ಅಂದಿದ್ದಾರೆ. ಅವರ ಪಹಣಿಯಲ್ಲೂ ಪೈಕಿ ಅಂತಲೇ ಇದೆ.